‘ರನ್’ ಎಂದರೆ ಓಡುವುದು ಮಾತ್ರವೇ?

ನಮಸ್ಕಾರ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದೆಂದು ಕೇಳಿದರೆ ಹಳೆಯ ರಸಪ್ರಶ್ನೆ ಪುಸ್ತಕಗಳು ‘ಸೆಟ್’ ಎನ್ನುತ್ತವೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯ ಮಟ್ಟಿಗೆ ಆ ಉತ್ತರ ಸರಿಯೇ. ಆದರೆ ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು: ಕ್ರಿಯಾಪದಕ್ಕೇ 645 ಅರ್ಥಗಳು! ಅವನ್ನು ವಿಂಗಡಿಸುವುದರಲ್ಲಿ ನಿಘಂಟುಕಾರ ಪೀಟರ್ ಗಿಲ್ಲಿವರ್ ಅವರ ಸುಮಾರು ಒಂಬತ್ತು ತಿಂಗಳು ಕಳೆದವು.

ಓಡುವುದು ಎಂಬ ಮೊದಲ ಅರ್ಥ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ಹಳೆಯ ಇಂಗ್ಲಿಷಿನಲ್ಲೇ ಈ ಪದಕ್ಕೆ ಹರಿಯುವುದು ಎಂಬ ಅರ್ಥವೂ ಇತ್ತು. ಆದ್ದರಿಂದಲೇ ಅವರ ನದಿಯೂ ‘ರನ್’ ಆಗುತ್ತದೆ, ನೆಗಡಿಯಾದಾಗ ಮೂಗೂ ‘ರನ್’ ಆಗುತ್ತದೆ, ಒಗೆದ ಬಟ್ಟೆಯ ಬಣ್ಣವೂ ‘ರನ್’ ಆಗುತ್ತದೆ. ಕನ್ನಡದಲ್ಲಿ ಇವು ಮೂರಕ್ಕೆ ಮೂರು ಕ್ರಿಯಾಪದಗಳು: ನದಿ ಹರಿಯುತ್ತದೆ, ಮೂಗು ಸುರಿಯುತ್ತದೆ, ಬಣ್ಣ ಬಿಡುತ್ತದೆ.

ನನಗೆ ಎಲ್ಲಕ್ಕಿಂತ ಮೋಜೆನಿಸುವುದು ಚುನಾವಣೆ. ಅಮೆರಿಕದ ಅಭ್ಯರ್ಥಿ ಅಧ್ಯಕ್ಷ ಪದವಿಗಾಗಿ ‘ರನ್’ ಮಾಡುತ್ತಾನೆ, ಅಂದರೆ ಓಡುತ್ತಾನೆ. ಬ್ರಿಟನ್ನಿನ ಅಭ್ಯರ್ಥಿ ಸಂಸತ್ತಿಗಾಗಿ ‘ಸ್ಟ್ಯಾಂಡ್’ ಮಾಡುತ್ತಾನೆ, ಅಂದರೆ ನಿಲ್ಲುತ್ತಾನೆ. ಒಂದೇ ಭಾಷೆಯನ್ನಾಡುವ ಎರಡು ದೇಶಗಳು ಒಂದೇ ಕೆಲಸಕ್ಕೆ ಪರಸ್ಪರ ವಿರುದ್ಧವಾದ ಕ್ರಿಯಾಪದಗಳನ್ನು ಆರಿಸಿಕೊಂಡಿರುವುದು ವಿಚಿತ್ರವಲ್ಲವೇ? ಈ ವಿಷಯದಲ್ಲಿ ಕನ್ನಡ ಬ್ರಿಟನ್ನಿನ ಕಡೆಗಿದೆ: ನಾವೂ ಚುನಾವಣೆಗೆ ನಿಲ್ಲುತ್ತೇವೆ. ಅಮೆರಿಕದವರ ‘ರನ್ ಫಾರ್ ಆಫೀಸ್’ ಎಂಬುದನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ, ಕೆಲಸಕ್ಕೆ ತಡವಾದ ಗುಮಾಸ್ತನೊಬ್ಬ ಕಚೇರಿಗೆ ಓಡುತ್ತಿರುವ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ಗೆದ್ದ ಮೇಲೆ ಮತದಾರರ ಕೈಗೆ ಸಿಗದೆ ಓಡುವವರ ವಿಚಾರ ಬೇರೆ. ಅದಕ್ಕೆ ಯಾವ ನಿಘಂಟೂ ಬೇಕಾಗುವುದಿಲ್ಲ.

ಹಾಗೆಂದು ನಮ್ಮ ‘ಓಡು’ ಬಡಪದವೇನಲ್ಲ. ಸಿನಿಮಾ ನೂರು ದಿನ ಓಡುತ್ತದೆ, ಪರೀಕ್ಷೆಯ ಕೊಠಡಿಯಲ್ಲಿ ತಲೆ ಓಡುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಯಂತ್ರ, ಕಾರ್ಖಾನೆ, ಕಂಪ್ಯೂಟರಿನ ಪ್ರೋಗ್ರಾಂ ಎಲ್ಲವೂ ‘ರನ್’ ಆಗುವುದರಿಂದ, ಹೊಸ ಉಪಕರಣ ಬಂದಂತೆಲ್ಲ ಆ ಪದಕ್ಕೆ ಹೊಸ ಕೆಲಸ ಸಿಗುತ್ತ ಹೋಯಿತು.

ಸಮಯ ಕಡಿಮೆಯಿದೆ, ಉಳಿದವನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ‘ರನ್ ಇಂಟು’ ಎಂದರೆ ಅಚಾನಕ್ಕಾಗಿ ಭೇಟಿಯಾಗುವುದು, ‘ರನ್ ಔಟ್ ಆಫ್’ ಎಂದರೆ ಇದ್ದದ್ದು ಮುಗಿದುಹೋಗುವುದು, ‘ಇನ್ ದ ಲಾಂಗ್ ರನ್’ ಎಂದರೆ ಕಾಲಕ್ರಮದಲ್ಲಿ. ಠೇವಣಿದಾರರೆಲ್ಲ ಹೆದರಿ ಒಮ್ಮೆಗೇ ಹಣ ಹಿಂಪಡೆಯಲು ಮುಗಿಬಿದ್ದರೆ ಅದು ಬ್ಯಾಂಕಿನ ಮೇಲಿನ ‘ರನ್’. ಇನ್ನು ಕ್ರಿಕೆಟ್ಟಿನಲ್ಲಂತೂ ಚೆಂಡು ನೆಲಕ್ಕೆ ತಾಗಿ ಬೌಂಡರಿ ದಾಟಿದರೆ ಸಾಕು, ಬ್ಯಾಟರ್ ಒಂದು ಹೆಜ್ಜೆಯನ್ನೂ ಓಡದೆ ನಾಲ್ಕು ರನ್ ಗಳಿಸುತ್ತಾನೆ.