ಆಸ್ಪತ್ರೆಯಲ್ಲಿ ಮಾತು ನಿಂತರೆ: ತಂಡ ಮತ್ತು ಮನಸ್ತಾಪದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆ ಸಿಬ್ಬಂದಿಯ ನಡುವೆ ಜಗಳ ಯಾಕಾಗುತ್ತದೆ ಅಂತ ಕೇಳಿದರೆ, ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಅವರ ಸ್ವಭಾವವೇ ಹಾಗೆ." ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ರೋಗಿಯನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗುವವರು ಯಾರು? ಲ್ಯಾಬ್‌ನಿಂದ ಬಂದ ರಿಪೋರ್ಟನ್ನು ಡಾಕ್ಟರಿಗೆ ತಿಳಿಸುವವರು ಯಾರು? ಡಿಸ್ಚಾರ್ಜ್ ವಿಷಯವನ್ನು ಮನೆಯವರಿಗೆ ಹೇಳುವವರು ಯಾರು? ಇದು ಗೊತ್ತಿಲ್ಲದ ವಾರ್ಡಿನಲ್ಲಿ ಎಂಥ ಒಳ್ಳೆಯ ಸ್ವಭಾವದವರೂ ಕಿತ್ತಾಡುತ್ತಾರೆ. ಯಾರ ಕೆಲಸ ಯಾವುದು ಅಂತ ಬರೆದು ಗೋಡೆಗೆ ಅಂಟಿಸಿದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಆದರೆ ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಸುಮ್ನೆ ಯಾಕೆ ಜಗಳ ಅಂತ ಬಾಯಿ ಮುಚ್ಚಿಕೊಂಡು ಇರುತ್ತಾರಲ್ಲ, ಅದು. ನನಗೆ ಜಾಸ್ತಿ ಭಯ ಆಗುವುದು ಅದರಿಂದಲೇ.

ಬೆಳಗ್ಗೆ ಆರು ಗಂಟೆ ಅಂದುಕೊಳ್ಳಿ. ರಾತ್ರಿ ಪಾಳಿ ಮುಗಿಯುವ ಹೊತ್ತು. ಏಳನೇ ಬೆಡ್ಡಿನ ರೋಗಿಗೆ ತಿಂಡಿಗೆ ಮುಂಚೆ ಇನ್ಸುಲಿನ್ ಕೊಡಬೇಕು. ಚಾರ್ಟಿನಲ್ಲಿ 40 ಅಂತ ಕಾಣುತ್ತಿದೆ. ನಿನ್ನೆಯವರೆಗೆ ಇದ್ದದ್ದು 4. ಯೂನಿಟ್ ಅನ್ನುವುದಕ್ಕೆ ಇಂಗ್ಲಿಷಿನ 'ಯು' ಒಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಾಣುತ್ತದೆ. ಇದು ತುಂಬ ಹಳೆಯ, ತುಂಬ ಅಪಾಯದ ತಪ್ಪು. ನರ್ಸಿಗೆ ಅನುಮಾನ ಬಂದಿದೆ. ಆದರೆ ಕಳೆದ ವಾರವಷ್ಟೇ ಇದೇ ಡಾಕ್ಟರ್ "ಇಷ್ಟಕ್ಕೆಲ್ಲ ಎಬ್ಬಿಸ್ತೀರಾ ಸಿಸ್ಟರ್?" ಅಂತ ರೇಗಿದ್ದರು. ನರ್ಸ್ ಫೋನ್ ಎತ್ತಿಕೊಳ್ಳುತ್ತಾರೆ, ಮತ್ತೆ ಕೆಳಗಿಡುತ್ತಾರೆ. ರೋಗಿಯ ಜೀವ ಆ ಗಳಿಗೆಯಲ್ಲಿ ಹೋದ ವಾರದ ಒಂದು ಸಿಟ್ಟಿನ ಮೇಲೆ ನಿಂತಿದೆ.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಲೆಕ್ಕ ಉಲ್ಟಾ ಬಂತು. ಚೆನ್ನಾಗಿ ನಡೆಯುವ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಆಮೇಲೆ ಗೊತ್ತಾದದ್ದು, ಅಲ್ಲಿಯವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಆದ್ದರಿಂದ ಆಡಳಿತದಲ್ಲಿರುವವರಿಗೆ ಒಂದು ಮಾತು: ಯಾವುದಾದರೂ ವಾರ್ಡಿನಿಂದ ಒಂದೂ ತಪ್ಪಿನ ವರದಿ ಬರುತ್ತಿಲ್ಲ ಅಂದರೆ ದಯವಿಟ್ಟು ಖುಷಿಪಡಬೇಡಿ. ಹೋಗಿ ವಿಚಾರಿಸಿ.

ಹೇಳುವುದಕ್ಕೆ ಧೈರ್ಯ ಬೇಕು ನಿಜ. ಜೊತೆಗೆ ಒಂದು ದಾರಿಯೂ ಬೇಕು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ 'ಎಸ್‌ಬಾರ್' ಪದ್ಧತಿ ಅಂಥದ್ದು. ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತಿದೆ, ನಿಮ್ಮಿಂದ ಏನಾಗಬೇಕು. ಇಷ್ಟೇ. "ಸರ್, ಏಳನೇ ಬೆಡ್ಡಿನ ಚಾರ್ಟಿನಲ್ಲಿ ಇನ್ಸುಲಿನ್ 40 ಅಂತ ಕಾಣ್ತಿದೆ. ನಿನ್ನೆವರೆಗೂ 4 ಕೊಟ್ಟಿದ್ದೀವಿ. ಶುಗರ್ ಈಗ 160. ಇದು ತಪ್ಪಾಗಿದೆ ಅನ್ನಿಸ್ತಿದೆ. ಎಷ್ಟು ಕೊಡಲಿ ಹೇಳಿ, ಅಲ್ಲಿವರೆಗೂ ತಡೆದಿರ್ತೀನಿ." ಅರ್ಧ ನಿಮಿಷವೂ ಬೇಡ. ಒಮ್ಮೆ ಹೇಳಿದ್ದು ಕಿವಿಗೆ ಬೀಳದಿದ್ದರೆ ಇನ್ನೊಮ್ಮೆ ಹೇಳಬೇಕು. ಆಗಲೂ ಕೇಳದಿದ್ದರೆ ಮೇಲಿನವರಿಗೆ ಫೋನ್ ಮಾಡಬೇಕು. ಇದು ಉದ್ಧಟತನ ಅಲ್ಲ, ಡ್ಯೂಟಿಯ ಭಾಗ ಅಂತ ಆಸ್ಪತ್ರೆಯೇ ಮೊದಲು ಸಾರಿ ಹೇಳಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಚೆಕ್‌ಲಿಸ್ಟ್ ತಂದಿತು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು, ಕತ್ತರಿ ಹಾಕುವ ಮುನ್ನ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಅನ್ನುವುದು. ಒಮ್ಮೆ ಬಾಯಿ ತೆರೆದವರಿಗೆ ಎರಡನೇ ಸಲ ಮಾತಾಡುವುದು ಸುಲಭ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಆದರೆ ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂದಾಗ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇದರ ಕಾರಣದ ಬಗ್ಗೆ ಚರ್ಚೆ ನಡೆದೇ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಟಿಕ್ ಹಾಕಿ ಮುಗಿಸುವ ಕಡೆ ಯಾವ ಚೆಕ್‌ಲಿಸ್ಟೂ ತಂಡ ಕಟ್ಟುವುದಿಲ್ಲ.

ಇಷ್ಟಾದರೂ ಮನಸ್ತಾಪ ಬಂದೇ ಬರುತ್ತದೆ. ರೋಗಿಯ ಎದುರು ವಾದ ಬೇಡ. ಆ ಕ್ಷಣಕ್ಕೆ ರೋಗಿಗೆ ಬೇಕಾದ್ದನ್ನು ಮಾಡಿ, ಅದೇ ದಿನ ಬಾಗಿಲು ಹಾಕಿಕೊಂಡು ಇಬ್ಬರೇ ಮಾತಾಡಿ. "ನೀವು ಯಾವಾಗಲೂ ಹೀಗೇ" ಅಂದರೆ ಮಾತು ಅಲ್ಲಿಗೇ ಮುಗಿಯಿತು. "ಬೆಳಗ್ಗೆ ರೌಂಡ್ಸ್‌ನಲ್ಲಿ ಎಲ್ಲರ ಮುಂದೆ ಹಾಗಂದಿರಿ, ಆಮೇಲೆ ನಿಮ್ಮನ್ನು ಏನೂ ಕೇಳೋಕೆ ಆಗಲಿಲ್ಲ" ಅಂದು ನೋಡಿ. ನಡೆದದ್ದನ್ನು ಹೇಳಿದಾಗ ಎದುರಿನವರು ಕೇಳಿಸಿಕೊಳ್ಳುತ್ತಾರೆ. ರಜೆ, ಪಾಳಿ ಹಂಚಿಕೆಯಂಥ ವಿಷಯದಲ್ಲಿ ಇಬ್ಬರೂ ಸ್ವಲ್ಪ ಬಿಟ್ಟುಕೊಡಬಹುದು. ಚಿಕಿತ್ಸೆಯಲ್ಲಿ ಅದು ನಡೆಯುವುದಿಲ್ಲ. 4 ಸರಿಯೋ 40 ಸರಿಯೋ ಅಂತ ವಾದ ಬಂದಾಗ 22ಕ್ಕೆ ರಾಜಿ ಮಾಡಿಕೊಳ್ಳೋಕಾಗುತ್ತಾ? ಅಲ್ಲಿ ಚಾರ್ಟ್ ನೋಡಬೇಕು, ಫಾರ್ಮಸಿಸ್ಟನ್ನು ಕೇಳಬೇಕು.

ಕೊನೆಯದಾಗಿ, ಮತ್ತೆ ಮತ್ತೆ ಕಿರುಚಾಡುವ, ಅವಮಾನ ಮಾಡುವ ಹಿರಿಯರ ವಿಷಯ. ಇದು ಇಬ್ಬರ ನಡುವಿನ ಮನಸ್ತಾಪ ಅಲ್ಲ. "ನೀವಿಬ್ಬರೇ ಮಾತಾಡಿ ಸರಿಮಾಡಿಕೊಳ್ಳಿ" ಅಂತ ಕಿರಿಯರ ಹೆಗಲಿಗೆ ಹಾಕಬಾರದು. ದೂರನ್ನು ಬರಹದಲ್ಲಿ ತೆಗೆದುಕೊಳ್ಳಿ. ಆ ಹಿರಿಯರನ್ನು ಆಡಳಿತವೇ ಕರೆದು ಮಾತಾಡಲಿ, ಅವರು ಎಷ್ಟೇ ದೊಡ್ಡ ಸರ್ಜನ್ ಆಗಿರಲಿ. ದೂರು ಕೊಟ್ಟ ನರ್ಸನ್ನೇ ಬೇರೆ ವಾರ್ಡಿಗೆ ಹಾಕಿ ಕೈ ತೊಳೆದುಕೊಂಡರೆ, ಮುಂದಿನ ಸಲ ಚಾರ್ಟಿನಲ್ಲಿ 40 ಕಂಡಾಗ ಆ ವಾರ್ಡಿನಲ್ಲಿ ಯಾರೂ ಫೋನ್ ಎತ್ತುವುದಿಲ್ಲ.