ಕರುಳಿನ ಉರಿಯೂತಕ್ಕೆ ಗಿಡಮೂಲಿಕೆ ಏನು ಮಾಡುತ್ತದೆ
(ರಾಯಚೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ನಮ್ಮ ರಾಯಚೂರು ಸೀಮೆಯಲ್ಲಿ ಮಲದ ಜೊತೆ ರಕ್ತ ಕಂಡರೆ ಮೊದಲು ಬಾಯಿಗೆ ಬರುವುದು ಮೂಲವ್ಯಾಧಿಯ ಹೆಸರು. ಖಾರ ಬಿಡುತ್ತೇವೆ, ಮಜ್ಜಿಗೆ ಕುಡಿಯುತ್ತೇವೆ, ನಾಟಿ ಔಷಧಿ ತರಿಸುತ್ತೇವೆ, ವರ್ಷ ಉರುಳುತ್ತದೆ. ಆದರೆ ವಾರಗಟ್ಟಲೆ ರಕ್ತ, ಲೋಳೆ, ನಡುರಾತ್ರಿ ಎಬ್ಬಿಸುವ ಭೇದಿ, ಇಳಿಯುವ ತೂಕ ಇವೆಲ್ಲ ಸೇರಿದರೆ ಅದು ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣು) ಅಥವಾ ಕ್ರೋನ್ಸ್ ಕಾಯಿಲೆ (ಕರುಳಿನ ಯಾವ ಭಾಗಕ್ಕಾದರೂ ಬರುವ ಉರಿಯೂತ) ಇರಬಹುದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುವ ರೋಗಗಳಿವು.

ಇದಕ್ಕೆ ಗಿಡಮೂಲಿಕೆ ನಾಟುತ್ತದೆಯೇ? ಕೆಲವು ನಾಟುತ್ತವೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶವನ್ನೇ ಉದಾಹರಣೆಗೆ ನೋಡಿ. ಜೀವಕೋಶದೊಳಗೆ ಉರಿಯೂತಕ್ಕೆ ಚಾಲನೆ ಕೊಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಅದು ಹದ್ದುಬಸ್ತಿನಲ್ಲಿಡುತ್ತದೆ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೇರೆ ರೋಗಗಳಲ್ಲಿ ಇದು ಕೊರತೆ. ಕೊಲೈಟಿಸ್‌ನಲ್ಲಿ ಇದೇ ಅನುಕೂಲ, ಏಕೆಂದರೆ ಅದು ಹುಣ್ಣಿರುವ ದೊಡ್ಡ ಕರುಳಿನವರೆಗೂ ಹಾಗೆಯೇ ಹೋಗುತ್ತದೆ. 2006ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ, ರೋಗ ಹತೋಟಿಯಲ್ಲಿದ್ದವರಿಗೆ ಮಾಮೂಲಿ ಮಾತ್ರೆಯ ಜೊತೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ಆರು ತಿಂಗಳಲ್ಲಿ ರೋಗ ಮರುಕಳಿಸಿದ್ದು 43 ಜನರಲ್ಲಿ ಇಬ್ಬರಿಗೆ. ಬರೀ ಮಾತ್ರೆ ನುಂಗಿದ 39 ಜನರಲ್ಲಿ ಎಂಟು ಮಂದಿಗೆ. ‘ಮಾತ್ರೆಯ ಜೊತೆ’ ಎಂದೆ, ಮಾತ್ರೆಯ ಬದಲು ಅಲ್ಲ.

ಹಾಗಾದರೆ ಸಾರಿಗೆ ಇನ್ನೊಂದು ಚಮಚ ಅರಿಶಿನ ಹಾಕಿದರಾಯಿತಲ್ಲ ಎನ್ನಬೇಡಿ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ 3ರ ಆಸುಪಾಸು. 2 ಗ್ರಾಂ ಸಿಗಬೇಕಾದರೆ ದಿನಕ್ಕೆ ಅರವತ್ತು ಗ್ರಾಂಗೂ ಮೇಲೆ ಪುಡಿ ನುಂಗಬೇಕು! ಕಾಳುಮೆಣಸಿನ ಸಾರ ಬೆರೆಸಿದ ಕ್ಯಾಪ್ಸೂಲ್ ಇನ್ನೂ ಬೇಡ: ಅದು ಕರ್ಕ್ಯುಮಿನನ್ನು ರಕ್ತಕ್ಕೆ ಸೆಳೆಯುತ್ತದೆ, ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ.

ಇಸಬಗೋಲಿನ ನಾರು ಕರುಳಿನ ಬ್ಯಾಕ್ಟೀರಿಯಾಗಳಿಗೆ ಮೇವು. ಅವು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಮಾಡುತ್ತವೆ, ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಕ್ರೋನ್ಸ್‌ನಿಂದ ಕರುಳು ಕಿರಿದಾದವರು ಮಾತ್ರ ಅದನ್ನು ಮುಟ್ಟಬಾರದು, ಕರುಳು ಕಟ್ಟಿಕೊಳ್ಳಬಹುದು.

ಬಟ್ಟೆಗೆ ಬಣ್ಣ ಕಟ್ಟುವ ನೀಲಿ ಗಿಡದ ಕಥೆ ಇನ್ನೂ ವಿಚಿತ್ರ. ಅದರ ಎಲೆಯಿಂದ ತೆಗೆದ ನೀಲಿಪುಡಿ ಕರುಳಿನ ಒಳಪೊರೆಯನ್ನು ಮತ್ತೆ ಬೆಳೆಸುವ ಸಂಕೇತವನ್ನು ಎಬ್ಬಿಸುತ್ತದೆ. ಜಪಾನಿನಲ್ಲಿ 86 ರೋಗಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಅದು ಭರ್ಜರಿ ಗುಣ ತೋರಿತು. ಆದರೆ ಅದೇ ಪುಡಿಯನ್ನು ತಾವಾಗಿಯೇ ಸೇವಿಸುತ್ತಿದ್ದವರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿದ ಸುದ್ದಿ ಬಂದು, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಗಿಡದ್ದಲ್ಲವೇ, ಏನೂ ಆಗದು ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಕೊನೆಯದಾಗಿ, ಚೀಟಿಯಿಲ್ಲದ ಪೊಟ್ಟಣದ ಪುಡಿಗಳು. ಮೂರು ದಿನದಲ್ಲಿ ಹಸಿವೆ ಹೆಚ್ಚಿ, ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ (ದೇಹದ ರಕ್ಷಣಾ ವ್ಯವಸ್ಥೆಯನ್ನು ಅದುಮುವ ಔಷಧಿ) ಬೆರೆಸಿರುವ ಶಂಕೆ ನನಗೆ ಬರುತ್ತದೆ. ಕರುಳಿನ ಕ್ಷಯ ನೋಡಲು ಥೇಟ್ ಕ್ರೋನ್ಸ್‌ನಂತೆಯೇ ಇರುತ್ತದೆ, ನಮ್ಮ ದೇಶದಲ್ಲಿ ಅಪರೂಪವೂ ಅಲ್ಲ. ಅಂಥ ಕ್ಷಯ ಇರುವವರ ಹೊಟ್ಟೆಗೆ ಸ್ಟಿರಾಯ್ಡ್ ಹೋದರೆ ಕ್ಷಯ ಕೆರಳುತ್ತದೆ. ಆದ್ದರಿಂದ ವೈದ್ಯರ ಬಳಿ ಬರುವಾಗ ಆ ಪೊಟ್ಟಣವನ್ನೂ ತನ್ನಿ. ಬೈಸಿಕೊಳ್ಳುವ ಭಯದಿಂದ ಮನೆಯಲ್ಲಿ ಬಿಟ್ಟು ಬರಬೇಡಿ.