ಹದಿನೈದನೆಯ ಚೆಂಡು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಪೂಲ್ ಟೇಬಲ್ ಸುತ್ತ ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಚೆಂಡು ಕಾಣಬೇಕು.

ಇಲ್ಲಿ ಕೇರಂ ಆಡದವರು ಯಾರೂ ಇರಲಾರರು, ಅಲ್ವಾ? ತುಮಕೂರಿನ ನಮ್ಮ ಮನೆ ಜಗುಲಿಯಲ್ಲಿ ಬೇಸಿಗೆ ರಜೆ ಪೂರ್ತಿ ಅದೇ ಆಟ. ಕೇರಂನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕಾಯಿ ಹಾಕಿದ ಮೇಲೆ ಸ್ಟ್ರೈಕರ್ ನಮ್ಮ ಕೈಗೆ ವಾಪಸ್ ಬರುತ್ತದೆ. ಗೆರೆಯ ಮೇಲೆ ಬೇಕಾದ ಕಡೆ ಇಟ್ಟು ಮತ್ತೆ ಹೊಡೆಯಬಹುದು. ಪೂಲ್‌ನಲ್ಲಿ ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದಿನ ಹೊಡೆತ. ಈ ಒಂದು ವ್ಯತ್ಯಾಸ ನನ್ನ ತಲೆಗೆ ಸರಿಯಾಗಿ ಇಳಿಯಲು ಎರಡು ವರ್ಷ ಬೇಕಾಯಿತು. ಅದನ್ನು ಇಳಿಸಿದ್ದು ಪೂಲ್ ಆಟದ ಒಂದು ಬಗೆಯಾದ ಸ್ಟ್ರೇಟ್ ಪೂಲ್.

ಕೆಲಸಕ್ಕೆಂದು ಅಮೆರಿಕದ ಫಿಲಡೆಲ್ಫಿಯಾ ಹತ್ತಿರ ಬಂದಾಗ ನನಗೆ ನಲವತ್ತು ದಾಟಿತ್ತು. ಚಳಿಗಾಲದ ಸಂಜೆ ಹೊರಗೆ ಏನೂ ಮಾಡುವ ಹಾಗಿಲ್ಲ. ಮನೆ ಹತ್ತಿರ ಹಳೆಯದೊಂದು ಪೂಲ್ ಹಾಲ್ ಇತ್ತು. ಎಲ್ಲರೂ ಆಡುತ್ತಿದ್ದದ್ದು ಎಯ್ಟ್ ಬಾಲ್, ನೈನ್ ಬಾಲ್. ಮೂಲೆಯ ಟೇಬಲ್ಲಿನ ಮೇಲೆ ಮಾತ್ರ ಒಂದು ತಂತಿ ಕಟ್ಟಿತ್ತು, ಅದರಲ್ಲಿ ಮಣಿಗಳು. ಒಬ್ಬ ಹಿರಿಯರು ಒಂಟಿಯಾಗಿ ಆಡುತ್ತಾ, ಪ್ರತಿ ರ‍್ಯಾಕ್ ಮುಗಿದಾಗ, ಅಂದರೆ ಒಂದು ಸಲ ಜೋಡಿಸಿದ ಚೆಂಡುಗಳು ಹೋದಾಗ, ಕ್ಯೂ ಕೋಲಿನ ತುದಿಯಿಂದ ಮಣಿಗಳನ್ನು ಸರಿಸುತ್ತಿದ್ದರು. ಯಾವ ಆಟ ಅಂತ ಕೇಳಿದೆ. ‘ಫೋರ್ಟೀನ್ ಒನ್’ ಅಂದರು. ಅದು ಸ್ಟ್ರೇಟ್ ಪೂಲ್‌ನದೇ ಇನ್ನೊಂದು ಹೆಸರು.

ನಿಯಮ ಸುಲಭ. 15 ಚೆಂಡು. ಯಾವುದನ್ನು ಬೇಕಾದರೂ ಹಾಕಬಹುದು, ಬಣ್ಣ ನಂಬರ್ ಯಾವುದೂ ಲೆಕ್ಕಕ್ಕಿಲ್ಲ. ಯಾವ ಚೆಂಡು, ಯಾವ ಪಾಕೆಟ್ ಅಂತ ಮೊದಲೇ ಹೇಳಬೇಕು. ಒಂದಕ್ಕೆ ಒಂದು ಪಾಯಿಂಟ್. ತಪ್ಪುವ ತನಕ ನಿಮ್ಮದೇ ಸರದಿ. ದೊಡ್ಡ ಸ್ಪರ್ಧೆಗಳಲ್ಲಿ 150ಕ್ಕೆ ಆಡಿದ್ದಾರೆ, ನಾವು 50ಕ್ಕೆ ಆಡುತ್ತೇವೆ. ಫೌಲ್ ಆದರೆ ಒಂದು ಪಾಯಿಂಟ್ ಹೋಗುತ್ತದೆ. ಸತತ ಮೂರು ಫೌಲ್ ಆದರೆ ಮೇಲೆ ಇನ್ನೂ 15 ಹೋಗುತ್ತದೆ.

ಆಟದ ಜೀವ ಇರುವುದು ಇಲ್ಲಿ. 14 ಚೆಂಡು ಹೋದ ಮೇಲೆ ನಿಲ್ಲಿಸಬೇಕು. ಹದಿನೈದನೆಯದು ಎಲ್ಲಿದೆಯೋ ಅಲ್ಲೇ ಇರುತ್ತದೆ, ಬಿಳಿ ಚೆಂಡೂ ಹಾಗೆಯೇ. ಹಾಕಿದ 14ನ್ನು ಮತ್ತೆ ತ್ರಿಕೋನದಲ್ಲಿ ಜೋಡಿಸುತ್ತಾರೆ, ತುದಿಯ ಜಾಗ ಖಾಲಿ ಬಿಟ್ಟು. ಈಗ ಆ ಒಂಟಿ ಚೆಂಡನ್ನು ಪಾಕೆಟ್ಟಿಗೆ ಹಾಕಬೇಕು, ಅದೇ ಹೊಡೆತದಲ್ಲಿ ಬಿಳಿ ಚೆಂಡು ಹೋಗಿ ಗುಂಪನ್ನು ಒಡೆಯಬೇಕು. ಆಗ ಆಟ ಮುಂದುವರಿಯುತ್ತದೆ. ಉಳಿದ ಆ ಚೆಂಡಿಗೆ ಬ್ರೇಕ್ ಬಾಲ್ ಅನ್ನುತ್ತಾರೆ. ಬಟ್ಟೆಯ ಮೇಲೆ ತ್ರಿಕೋನದ ಗೆರೆ ಎಳೆದಿರುವುದನ್ನು ನೋಡಿ. ಉಳಿದ ಚೆಂಡು ಆ ಗೆರೆಯ ಒಳಗಿದೆಯೋ ಹೊರಗಿದೆಯೋ ಅನ್ನುವುದರ ಮೇಲೆ ಎಷ್ಟೋ ನಿರ್ಧಾರ ನಿಂತಿದೆ.

ಈ ಉಪಾಯ ಜೆರೋಮ್ ಕಿಯೋ ಎಂಬ ಆಟಗಾರನದು. ಸುಮಾರು 1910ರ ಮಾತು. ಅದಕ್ಕೂ ಮೊದಲು 15 ಚೆಂಡೂ ಮುಗಿಸಿ ಹೊಸದಾಗಿ ಒಡೆಯುತ್ತಿದ್ದರು. ಆಗ ಆಟ ಪ್ರತಿ ಸಲ ತುಂಡಾಗುತ್ತಿತ್ತು. ಒಂದೇ ಒಂದು ಚೆಂಡು ಉಳಿಸಿ ಅವನು ಎರಡು ರ‍್ಯಾಕಿಗೆ ಗಂಟು ಹಾಕಿದ. ನನಗೆ ಇದು ತುಂಬಾ ಸುಂದರವಾದ ಯೋಚನೆ ಅನ್ನಿಸುತ್ತದೆ.

ವಿಲ್ಲಿ ಮೊಸ್ಕೋನಿ ಹೆಸರು ಹೇಳದೆ ಮುಂದೆ ಹೋಗಲಾರೆ. ಫಿಲಡೆಲ್ಫಿಯಾದ ಹುಡುಗ. ತಂದೆಯದೇ ಪೂಲ್ ಹಾಲ್ ಇತ್ತು, ಆದರೆ ಮಗ ಆಡುವುದು ಅವರಿಗೆ ಇಷ್ಟವಿರಲಿಲ್ಲ. ಹುಡುಗ ಪೊರಕೆ ಕೋಲು ಹಿಡಿದು ಆಲೂಗಡ್ಡೆ ಹೊಡೆದು ಕಲಿತ ಎಂಬ ಕಥೆ ಇದೆ. 1954ರ ಮಾರ್ಚ್‌ನಲ್ಲಿ ಒಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಎಂಟಡಿ ಟೇಬಲ್ ಮೇಲೆ, ಅವರು ಒಂದೂ ತಪ್ಪದೆ 526 ಚೆಂಡು ಹಾಕಿದರು. 14ರಿಂದ ಭಾಗಿಸಿ ನೋಡಿ. ಸುಮಾರು 37 ಸಲ ಅವರಿಗೆ ಸರಿಯಾದ ಬ್ರೇಕ್ ಬಾಲ್ ಉಳಿದಿತ್ತು, ಸುಮಾರು 37 ಸಲ ಗುಂಪು ಒಡೆದಿತ್ತು. ಆ ಲೆಕ್ಕ 65 ವರ್ಷ ನಿಂತಿತು. 2019ರಲ್ಲಿ ಜಾನ್ ಶ್ಮಿಟ್ 626 ಮಾಡಿದರು, 2022ರಲ್ಲಿ ಜೇಸನ್ ಶಾ 714.

ಈಗ ನಮ್ಮಂಥವರ ವಿಷಯಕ್ಕೆ ಬರೋಣ. ಮೊದಲ ವರ್ಷ ನನ್ನ ಅತಿ ದೊಡ್ಡ ರನ್, ಅಂದರೆ ತಪ್ಪದೆ ಸತತವಾಗಿ ಹಾಕಿದ ಚೆಂಡು, 11. ಕೈ ಸರಿಯಿಲ್ಲ, ಕಷ್ಟದ ಚೆಂಡು ಹಾಕಲು ಬರಬೇಕು ಅಂದುಕೊಂಡು ದಿನಾ ಉದ್ದುದ್ದ ಹೊಡೆತ ಅಭ್ಯಾಸ ಮಾಡಿದೆ. ಆ ಹಿರಿಯರು ಎರಡು ವಾರ ಸುಮ್ನೆ ನೋಡಿದರು. ಆಮೇಲೆ ಒಂದು ನೋಟ್‌ಬುಕ್ ತರಲು ಹೇಳಿದರು. ಪ್ರತಿ ರನ್ ಎಲ್ಲಿ ನಿಂತಿತು, ಯಾಕೆ ನಿಂತಿತು, ಅಷ್ಟೇ ಬರೆ ಅಂದರು.

ಮೂರು ತಿಂಗಳು ಬರೆದೆ. ಕಷ್ಟದ ಚೆಂಡು ತಪ್ಪಿದ್ದು ನಿಜ. ಆದರೆ ಅದು ಕಷ್ಟದ್ದಾಗಿದ್ದು ಹಿಂದಿನ ಹೊಡೆತದಿಂದ. ಬಿಳಿ ಚೆಂಡು ಒಂದಡಿ ಜಾಸ್ತಿ ಓಡಿರುತ್ತಿತ್ತು. ಇಲ್ಲವೇ ಟೇಬಲ್ ಅಂಚಿನ ಗೋಡೆಗೆ ಅಂಟಿದ ಚೆಂಡನ್ನು ಆಮೇಲೆ ನೋಡೋಣ ಅಂತ ಬಿಟ್ಟಿರುತ್ತಿದ್ದೆ, ಕೊನೆಗೆ ಅದೊಂದೇ ಉಳಿಯುತ್ತಿತ್ತು. ಇನ್ನು 14ರ ತನಕ ಬಂದ ದಿನಗಳಲ್ಲಿ ಬ್ರೇಕ್ ಬಾಲ್ ಎಲ್ಲೋ ದೂರದಲ್ಲಿ ಇರುತ್ತಿತ್ತು, ಗುಂಪಿಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ.

ಅವರು ಕಲಿಸಿದ್ದು ಹಿಂದಿನಿಂದ ಮುಂದಕ್ಕೆ ಯೋಚಿಸುವುದು. ಗುಂಪು ಒಡೆದು 14 ಚೆಂಡು ಹರಡಿದ ತಕ್ಷಣ ಕೊನೆಯದನ್ನು ಆರಿಸಬೇಕು. ತ್ರಿಕೋನದ ಪಕ್ಕ, ಅದರಿಂದ ಸ್ವಲ್ಪ ಆಚೆ ಇರುವ ಚೆಂಡು ಒಳ್ಳೆಯದು. ಅದನ್ನು ಮುಟ್ಟಬಾರದು. ಅದಕ್ಕಿಂತ ಹಿಂದಿನದು ಕೀ ಬಾಲ್. ಅದನ್ನು ಹಾಕಿದಾಗ ಬಿಳಿ ಚೆಂಡು ತಾನಾಗಿ ಬ್ರೇಕ್ ಬಾಲ್‌ಗೆ ಸರಿಯಾದ ಜಾಗದಲ್ಲಿ ನಿಲ್ಲಬೇಕು. ಆ ಎರಡು ತೀರ್ಮಾನವಾದ ಮೇಲೆ ಉಳಿದ 12 ಚೆಂಡಿನ ದಾರಿ ಅರ್ಧ ಸಿಕ್ಕಿದ ಹಾಗೆ. ಗೋಡೆ ಹತ್ತಿರದವು ಬೇಗ ಹೋಗಬೇಕು, ಅಂಟಿಕೊಂಡವು ಬೇಗ ಬಿಡಿಸಬೇಕು. ಬಿಳಿ ಚೆಂಡು ಆದಷ್ಟು ಕಡಿಮೆ ಓಡಾಡಬೇಕು.

ಕಡಿಮೆ ಓಡಾಡಲು ಬೇಕಾದದ್ದು ಸ್ಟಾಪ್ ಶಾಟ್. ನೇರ ಹೊಡೆತದಲ್ಲಿ ಬಿಳಿ ಚೆಂಡು ಉರುಳದೆ ಜಾರುತ್ತಾ ಹೋಗಿ ತಾಗಿದರೆ ಅಲ್ಲೇ ನಿಲ್ಲುತ್ತದೆ. ಎರಡೂ ಚೆಂಡಿನ ತೂಕ ಒಂದೇ, ವೇಗ ಪೂರ್ತಿ ಮುಂದಿನದಕ್ಕೆ ದಾಟುತ್ತದೆ. ಮಧ್ಯಕ್ಕಿಂತ ಕೆಳಗೆ ಹೊಡೆಯಬೇಕು. ದೂರ ಹೆಚ್ಚಾದಷ್ಟೂ ಇನ್ನೂ ಕೆಳಗೆ, ಯಾಕೆಂದರೆ ಬಟ್ಟೆ ಉಜ್ಜಿ ಉಜ್ಜಿ ಅದು ಉರುಳಲು ಶುರು ಮಾಡುತ್ತದೆ. ಜಾರುತ್ತಾ ಓರೆಯಾಗಿ ತಾಗಿದರೆ, ಎದುರಿನ ಚೆಂಡು ಹೋದ ದಾರಿಗೆ ಲಂಬವಾಗಿ ಸರಿಯುತ್ತದೆ. ಉರುಳುತ್ತಾ ಅರ್ಧ ಚೆಂಡಿಗೆ ತಾಗಿದರೆ ತನ್ನ ದಾರಿಯಿಂದ ಸುಮಾರು 30 ಡಿಗ್ರಿ ತಿರುಗುತ್ತದೆ. ಈ ಮೂರು ನಡೆ ಗೊತ್ತಿದ್ದರೆ ಒಂದು ರ‍್ಯಾಕ್ ಮುಗಿಸಲು ಸಾಕು. ಪಕ್ಕಕ್ಕೆ ತಿರುಗಿಸುವ ಹೊಡೆತಗಳನ್ನು ನಾನು ಮೊದಲ ವರ್ಷ ಕಲಿಯಲೇಬಾರದಿತ್ತು. ಅದರಿಂದ ಗುರಿ ಕೆಟ್ಟಿತು.

ಬ್ರೇಕ್ ಶಾಟ್‌ನಲ್ಲಿ ಓರೆ ಮುಖ್ಯ. ತೀರ ನೇರ ಇದ್ದರೆ ಚೆಂಡು ಬೀಳುತ್ತದೆ, ಆದರೆ ಬಿಳಿ ಚೆಂಡು ಗುಂಪಿನ ಕಡೆ ತಿರುಗುವುದಿಲ್ಲ. ತೀರ ಓರೆ ಇದ್ದರೆ ಚೆಂಡೇ ಬೀಳುವುದಿಲ್ಲ. ಜೋರಾಗಿ ಹೊಡೆಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ನಾಲ್ಕೈದು ಚೆಂಡು ಬಿಡಿಯಾದರೆ ಆಟ ನಡೆಯುತ್ತದೆ, ಉಳಿದವನ್ನು ಆಮೇಲೆ ಬಿಡಿಸಬಹುದು.

ಬೆಂಗಳೂರಿನಲ್ಲಿ ಬೆಳೆದವರಿಗೆ ಪಂಕಜ್ ಅಡ್ವಾಣಿ ಆಟ ಗೊತ್ತಿರುತ್ತದೆ. ಅವರು ಬಿಲಿಯರ್ಡ್ಸ್‌ನಲ್ಲಿ ದೊಡ್ಡ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ದೊಡ್ಡ ಮೊತ್ತ, ಕಟ್ಟುವಾಗ ಚೆಂಡುಗಳನ್ನು ಹತ್ತಿರ ಹತ್ತಿರ ಇಟ್ಟುಕೊಂಡು, ಸಣ್ಣ ಸಣ್ಣ ಹೊಡೆತದಲ್ಲೇ ಮುಂದೆ ಹೋಗುತ್ತಾರೆ. ಆಟ ಬೇರೆ, ಟೇಬಲ್ ಬೇರೆ. ಆ ಸಮಾಧಾನ ಮಾತ್ರ ಇಲ್ಲಿಯೂ ಅದೇ ಬೇಕು. ಸ್ನೂಕರ್ ಆಡಿ ಬಂದವರಿಗೆ ಪಾಕೆಟ್ ದೊಡ್ಡದಾಗಿ ಕಾಣುತ್ತದೆ, ಅದರ ಮೇಲೆ ಭರವಸೆ ಇಟ್ಟು ಜಾಗದ ಕಡೆ ಗಮನ ಬಿಡಬೇಡಿ.

ನಾನು ಮೊದಲ ಸಲ 14 ದಾಟಿದ್ದು ಮೂರನೇ ಚಳಿಗಾಲದಲ್ಲಿ. ಬ್ರೇಕ್ ಬಾಲ್ ಬಿತ್ತು, ಗುಂಪು ಮೆಲ್ಲಗೆ ತೆರೆದುಕೊಂಡಿತು. ಕೈ ನಡುಗಿ ಮುಂದಿನ ಸುಲಭದ ಚೆಂಡು ತಪ್ಪಿದೆ. ಹಿರಿಯರು ಎದ್ದು ಬಂದು, ಒಂದು ಮಾತೂ ಆಡದೆ, ತಂತಿಯ ಮೇಲೆ 15 ಮಣಿ ಸರಿಸಿ ಹೋದರು. ಈಗ ನನ್ನ ಅತಿ ದೊಡ್ಡ ರನ್ 34. ಎರಡು ಸಲ ಗುಂಪು ಒಡೆದ ಲೆಕ್ಕ.

ಹೊಸಬರು ಪೂರ್ತಿ ರ‍್ಯಾಕಿನಿಂದ ಶುರು ಮಾಡಬೇಡಿ. ಮೂರೇ ಚೆಂಡು ಸಾಕು. ಇಗೋ, ಇದು ಬ್ರೇಕ್ ಬಾಲ್, ಗೆರೆಯ ಪಕ್ಕ. ಇದು ಕೀ ಬಾಲ್, ಇಲ್ಲಿ ಮಧ್ಯದ ಪಾಕೆಟ್ ಹತ್ತಿರ. ಇದೊಂದು ಎಲ್ಲಾದರೂ ಇರಲಿ. ಬಿಳಿ ಚೆಂಡನ್ನು ನಿಮಗೆ ಬೇಕಾದ ಕಡೆ ಇಟ್ಟುಕೊಳ್ಳಿ, ಕೇರಂನ ಹಾಗೆ, ಆದರೆ ಮೊದಲ ಹೊಡೆತಕ್ಕೆ ಮಾತ್ರ. ಎರಡು ಹಾಕಿ, ಮೂರನೆಯದಕ್ಕೆ ಸರಿಯಾದ ಓರೆಯಲ್ಲಿ ನಿಲ್ಲಬೇಕು. ಹತ್ತರಲ್ಲಿ ಐದು ಸಲ ಆದ ಮೇಲೆ ನಾಲ್ಕು ಚೆಂಡು ಇಡೋಣ.

ಕ್ಯೂ ಆ ಗೋಡೆಯ ಹತ್ತಿರ ಇವೆ. ಯಾರು ಮೊದಲು ಬರುತ್ತೀರಿ?